ಮಾಮಾ, ಇದಕ್ಕ ಏನ್ ಉತ್ತರ ಹೇಳ್ಲಿ?

ಹೋದ ವರ್ಷ ಜುಲೈ ತಿಂಗಳು. ರಾತ್ರಿ ಹನ್ನೊಂದು ಗಂಟೆ. ಆಫೀಸಿನ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಅಕ್ಕನ ಮಗನ ವಾಟ್ಸಾಪ್ ಮೆಸೇಜ್ ಬಂತು. ಅವನಿಗೆ ಹದಿನೈದು ವರ್ಷ, ಶಿಗ್ಗಾಂವಿಯಲ್ಲಿ ಎಸ್ಸೆಸ್ಸೆಲ್ಸಿ ಓದ್ತಿದ್ದ.

'ಮಾಮಾ, ನಾ ದೃಢೀಕರಣ ತಗೊಳ್ಳಂಗಿಲ್ಲ. ಅವ್ವಗ ನೀನೇ ಹೇಳು.'

ಕ್ಯಾಥೊಲಿಕರಲ್ಲದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಮಗು ಹುಟ್ಟಿದ ಕೆಲವು ವಾರ ಅಥವಾ ತಿಂಗಳಲ್ಲೇ ಜ್ಞಾನಸ್ನಾನ ಆಗುತ್ತದೆ. ಆಗ ಮಗುವಿನ ಪರವಾಗಿ 'ನಂಬುತ್ತೇವೆ' ಅಂತ ಹೇಳುವವರು ದೊಡ್ಡವರು. ದೃಢೀಕರಣ ಸಂಸ್ಕಾರ ಸಾಮಾನ್ಯವಾಗಿ ಹದಿಹರೆಯದಲ್ಲಿ ಬರುತ್ತದೆ. ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ. ಅವತ್ತು 'ನಂಬುತ್ತೇನೆ' ಅನ್ನೋ ಮಾತನ್ನು ಮಕ್ಕಳು ತಮ್ಮ ಬಾಯಿಂದಲೇ ಹೇಳಬೇಕು.

ಅದನ್ನು ಹೇಳೋಕೆ ನಮ್ಮ ಹುಡುಗ ತಯಾರಿರಲಿಲ್ಲ. ಯಾಕೆ ಅಂತ ಕೇಳಿದೆ. ಹತ್ತು ನಿಮಿಷ 'ಟೈಪಿಂಗ್' ಅಂತ ತೋರಿಸ್ತಾನೇ ಇತ್ತು. ಆಮೇಲೆ ಬಂದದ್ದು ಇಷ್ಟು: 'ಕ್ಲಾಸಿನ್ಯಾಗ ಒಬ್ಬವ ಕೇಳಿದ, ನೀವು ರೊಟ್ಟಿಗೆ ದೇವರಂತೀರಂತ, ಖರೇ ಏನು ಅಂತ. ಎಲ್ಲಾರೂ ನಕ್ರು. ನಂಗ ಏನ್ ಹೇಳ್ಬೇಕಂತ ಗೊತ್ತಾಗ್ಲಿಲ್ಲ. ಧರ್ಮೋಪದೇಶದ ಕ್ಲಾಸಿನ್ಯಾಗ ಕೇಳಿದ್ರ, ಹಂಗೆಲ್ಲಾ ಕೇಳಬಾರದು ಅಂದ್ರು. ಗೊತ್ತಿಲ್ಲದ್ದನ್ನ ನಂಬ್ತೀನಿ ಅಂತ ಬಿಷಪ್ಪರ ಮುಂದ ಹೆಂಗ ಸುಳ್ಳು ಹೇಳ್ಲಿ?'

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ಅವನ ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ಪಕ್ಕದಲ್ಲಿ ನಿಂತು 'ನಂಬುತ್ತೇವೆ' ಅಂದವನು ನಾನೇ.

ಕ್ಲಾಸಿಗೊಬ್ಬರು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ಯಾಥೊಲಿಕ್ ಹುಡುಗನಾಗಿ ಬೆಳೆಯೋದು ಮಂಗಳೂರಿನಲ್ಲಿ ಬೆಳೆದಂತಲ್ಲ. ಅಲ್ಲಿ ಕ್ಲಾಸಿನಲ್ಲಿ ಜೊತೆಗೆ ನಾಲ್ಕಾರು ಜನ ಇರ್ತಾರೆ. ಚರ್ಚಿನ ಗಂಟೆ ಮನೆಗೇ ಕೇಳುತ್ತೆ. ಕ್ರಿಸ್ಮಸ್ ಬಂದರೆ ಕುಸ್ವಾರ್ ತಟ್ಟೆ ಓಣಿಯೆಲ್ಲ ಓಡಾಡುತ್ತೆ. ನಮ್ಮ ಕಡೆ ಹಾಗಿಲ್ಲ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಎಲ್ಲ ಪಂಗಡಗಳ ಕ್ರೈಸ್ತರನ್ನು ಸೇರಿಸಿದರೂ ನೂರಕ್ಕೆ 1.87 ಮಾತ್ರ. ಅದರಲ್ಲೂ ದೊಡ್ಡ ಪಾಲು ಕರಾವಳಿ ಮತ್ತು ಬೆಂಗಳೂರಿನದು. ನಮ್ಮ ಕಡೆಯ ಶಾಲೆಯಲ್ಲಿ ಕ್ಯಾಥೊಲಿಕ್ ಹುಡುಗ ಅಥವಾ ಹುಡುಗಿ ಅಂದರೆ ಬಹಳ ಸಲ ಕ್ಲಾಸಿಗೆ ಒಬ್ಬರೇ.

ಚರ್ಚಿನ ಲೆಕ್ಕದಲ್ಲಿ ಹಾವೇರಿ ಜಿಲ್ಲೆ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. 1953ರಲ್ಲಿ ಆದ ಧರ್ಮಪ್ರಾಂತ್ಯ ಅದು. ಬೆಳಗಾವಿಯಿಂದ ಹಿರೇಕೆರೂರಿಗೆ ಎಷ್ಟು ದೂರ ಅಂತ ಬಸ್ಸಿನಲ್ಲಿ ಹೋದವರಿಗೇ ಗೊತ್ತು. ಪಕ್ಕದ ಮುಂಡಗೋಡ ದಾಟಿದರೆ 1976ರಲ್ಲಿ ಬೇರೆಯಾದ ಕಾರವಾರ ಧರ್ಮಪ್ರಾಂತ್ಯ. ಹಿರೇಕೆರೂರಿನ ಆಚೆ ಶಿಕಾರಿಪುರದ ಕಡೆ ಹೋದರೆ 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯ. ನಾವು ಮೂರರ ಅಂಚಿನಲ್ಲಿರೋ ಜನ. ಕುಟುಂಬಗಳು ಕಡಿಮೆ, ಗುರುಗಳು ಕಡಿಮೆ. ಭಾನುವಾರ ಪೂಜೆಗೆ ಬೈಕಿನಲ್ಲೋ ಬಸ್ಸಿನಲ್ಲೋ ಹೋಗಬೇಕಾದ ಮನೆಗಳು ಬೇಕಾದಷ್ಟು.

ಆದರೆ ಧರ್ಮದ ಮಾತಿಗೆ ಈ ನೆಲದಲ್ಲಿ ಬರ ಇಲ್ಲ. ಕನಕದಾಸರ ಬಾಡ ಇರೋದು ಶಿಗ್ಗಾಂವಿ ತಾಲ್ಲೂಕಿನಲ್ಲೇ. ಶಿಶುನಾಳ ಶರೀಫರ ಊರೂ ಅದೇ ತಾಲ್ಲೂಕು. ಸವಣೂರಿನಲ್ಲಿ ನವಾಬರ ಅರಮನೆಯೂ ಇದೆ, ಸತ್ಯಬೋಧರ ಮಠವೂ ಇದೆ. ಹಾನಗಲ್ ಅಂದರೆ ಕುಮಾರ ಶಿವಯೋಗಿಗಳು. ಹಿರೇಕೆರೂರಿನ ಕಡೆ ಅಬಲೂರು ಮತ್ತು ಮಾಸೂರು ಎರಡೂ ಸರ್ವಜ್ಞನನ್ನು ನಮ್ಮವನು ಅಂತಾವೆ. ಇಲ್ಲಿ ಜನ ದೇವರ ಬಗ್ಗೆ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾ ಮಾತಾಡ್ತಾರೆ. 'ನಿಮ್ಮೊಳಗ ಹೆಂಗ?' ಅಂತ ಸಲೀಸಾಗಿ ಕೇಳ್ತಾರೆ. ಕೇಳುವವರಲ್ಲಿ ಹೆಚ್ಚಿನವರಿಗೆ ಚುಚ್ಚೋ ಉದ್ದೇಶ ಇರೋದಿಲ್ಲ. ನಿಜವಾಗಲೂ ತಿಳಿಯೋ ಆಸೆ ಇರುತ್ತೆ.

ಮಂಗಳೂರಿನ ಹುಡುಗನಿಗೆ ಈ ಪ್ರಶ್ನೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಮ್ಮ ಹುಡುಗನಿಗೆ ವಾರಕ್ಕೊಮ್ಮೆ ಬರುತ್ತೆ. ಇದು ಕಷ್ಟ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗನ್ನಿಸೋದಿಲ್ಲ.

ನಾನು ಮಾಡಿದ್ದು

ನಾನು ಓದಿದ್ದು ಹಾನಗಲ್‌ನಲ್ಲಿ. ನನ್ನ ಕ್ಲಾಸಿಗೂ ನಾನೊಬ್ಬನೇ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಬ್ಬ ಕೇಳಿದ್ದ, 'ನಿಮ್ಮಜ್ಜಗ ಎಷ್ಟು ರೊಕ್ಕ ಕೊಟ್ಟಿದ್ರು?' ಅಂತ. ಯಾವ ರೊಕ್ಕ ಅಂತ ನನಗೆ ಅರ್ಥ ಆಗೋಕೇ ಒಂದು ದಿನ ಬೇಕಾಯಿತು. ಮನೆಯಲ್ಲಿ ಕೇಳಿದೆ. 'ಅಂಥವರ ಕೂಡ ಮಾತಾಡಬ್ಯಾಡ' ಅಂದರು. ಅವನು ನನ್ನ ಬೆಂಚಿನವನು, ಕ್ರಿಕೆಟ್ ಟೀಮಿನವನು. ಮಾತು ಬಿಡೋದು ಹೇಗೆ?

ನಾನು ಬೇರೆ ಉಪಾಯ ಮಾಡಿದೆ. ಕೊರಳಲ್ಲಿದ್ದ ಶಿಲುಬೆ ತೆಗೆದು ಜ್ಯಾಮಿಟ್ರಿ ಬಾಕ್ಸಿನಲ್ಲಿ ಇಟ್ಟೆ. ಯಾರಾದರೂ ಕೇಳಿದರೆ 'ನಂಗೊತ್ತಿಲ್ಲಪಾ, ಮನ್ಯಾಗ ಮಾಡ್ತಾರ' ಅಂತ ಜಾರಿಕೊಳ್ಳೋದು ಕಲಿತೆ. ದೃಢೀಕರಣ ಆಯಿತು. ಪ್ರಾರ್ಥನೆಗಳೆಲ್ಲ ಬಾಯಿಪಾಠ ಇದ್ದವು, ಒಂದೂ ಅರ್ಥ ಗೊತ್ತಿರಲಿಲ್ಲ. ಎಂಜಿನಿಯರಿಂಗ್ ಅಂತ ಹುಬ್ಬಳ್ಳಿಗೆ ಹೋದೆ, ಕೆಲಸ ಅಂತ ಬೆಂಗಳೂರಿಗೆ ಬಂದೆ. ಭಾನುವಾರದ ಪೂಜೆ ಮೊದಲು ತಿಂಗಳಿಗೊಮ್ಮೆ ಆಯಿತು, ಆಮೇಲೆ ಕ್ರಿಸ್ಮಸ್ಸಿಗೆ ಮಾತ್ರ. ಯಾವ ಜಗಳವೂ ಆಗಲಿಲ್ಲ, ನಾಸ್ತಿಕನೂ ಆಗಲಿಲ್ಲ. ಬಳಸದೇ ಬಿಟ್ಟ ಆ್ಯಪ್ ಫೋನಿನಲ್ಲೇ ಉಳಿದಂತೆ ನಂಬಿಕೆ ಉಳಿದಿತ್ತು, ಅಷ್ಟೇ.

ಚರ್ಚಿನ ಕಾನೂನಿನ ಪ್ರಕಾರ ಜ್ಞಾನತಂದೆ ಆಗೋಕೆ ಸಾಮಾನ್ಯವಾಗಿ ಹದಿನಾರು ತುಂಬಿರಬೇಕು, ದೃಢೀಕರಣ ಆಗಿರಬೇಕು. ಅಕ್ಕನ ಮಗ ಹುಟ್ಟಿದಾಗ ನನಗೆ ಹದಿನಾರು ತುಂಬಿ ಎರಡು ತಿಂಗಳಾಗಿತ್ತು. ಫೋಟೊದಲ್ಲಿ ಮೇಣದ ಬತ್ತಿ ಹಿಡಿದು ನಗ್ತಾ ನಿಂತಿದ್ದೇನೆ. ಜ್ಞಾನತಂದೆಯ ಕೆಲಸ ಬೆಳ್ಳಿ ಉಡುಗೊರೆ ಕೊಡೋದಲ್ಲ, ಮಗು ನಂಬಿಕೆಯಲ್ಲಿ ಬೆಳೆಯೋಕೆ ಜೊತೆಗಿರೋದು ಅಂತ ಅವತ್ತು ಗುರುಗಳು ಹೇಳಿದ್ದರು. ಕೇಳಿಸಿಕೊಂಡಿದ್ದೆ. ಹದಿನೈದು ವರ್ಷ ಬರ್ತ್‌ಡೇಗೆ ಗಿಫ್ಟ್ ಕಳಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಈಗ ಆ ಹುಡುಗ ನಾನು ಜಾರಿಕೊಂಡ ಜಾಗದಲ್ಲೇ ನಿಂತಿದ್ದ. ಒಂದೇ ವ್ಯತ್ಯಾಸ, ಅವನು ಸುಳ್ಳು ಹೇಳೋಕೆ ಒಪ್ಪಲಿಲ್ಲ. ನನಗಿಂತ ಅವನೇ ಪ್ರಾಮಾಣಿಕ.

ಎರಡು ನೂರು ಪುಟದ ನೋಟ್‌ಬುಕ್

ಆ ವಾರದ ಕೊನೆಗೆ ರಾತ್ರಿ ಬಸ್ ಹತ್ತಿ ಊರಿಗೆ ಹೋದೆ. ಅಕ್ಕ ಬಾಗಿಲಲ್ಲೇ 'ನೀನರ ಬುದ್ಧಿ ಹೇಳಪಾ' ಅಂದಳು. ನಾನು ಬುದ್ಧಿ ಹೇಳಲಿಲ್ಲ. ಅಂಗಡಿಯಿಂದ ಒಂದು ನೋಟ್‌ಬುಕ್ ತಂದು, 'ಕ್ಲಾಸಿನ್ಯಾಗ ಏನೇನ್ ಕೇಳ್ತಾರ ಎಲ್ಲಾ ಬರಿ. ನಿನ್ನವೂ ಬರಿ' ಅಂದೆ. ಒಂದು ಗಂಟೆಯಲ್ಲಿ ಹತ್ತೊಂಬತ್ತು ಪ್ರಶ್ನೆ ಬರೆದ. ಗೊತ್ತಿದ್ದದ್ದನ್ನು ನಾವೇ ಬರೆಯೋದು, ಗೊತ್ತಿಲ್ಲದ್ದನ್ನು ಗುರುಗಳ ಹತ್ತಿರ ಒಯ್ಯೋದು ಅಂತ ಮಾತಾಯಿತು. ಉತ್ತರ ಕನ್ನಡದಲ್ಲೇ ಇರಬೇಕು, ಬೆಂಚಿನ ಗೆಳೆಯನಿಗೆ ಹೇಳೋ ಹಾಗಿರಬೇಕು ಅಂತ ಒಂದು ಶರತ್ತು ಹಾಕಿಕೊಂಡೆವು.

ಕೆಲವನ್ನು ಇಲ್ಲಿ ಕೊಡ್ತೇನೆ. ನಿಮ್ಮ ಮನೆಯ ಮಕ್ಕಳೂ ಇವನ್ನೇ ಕೇಳಬಹುದು.

'ರೊಟ್ಟಿ ಹೆಂಗ ದೇವರಾಗ್ತದ?' ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಾಗ ರೊಟ್ಟಿಯನ್ನು ಮುರಿದುಕೊಟ್ಟು, ಅದು ತನ್ನ ದೇಹ ಅಂದರು, ತನ್ನ ನೆನಪಿಗಾಗಿ ಹೀಗೆ ಮಾಡಿ ಅಂದರು ಅಂತ ಶುಭಸಂದೇಶದಲ್ಲಿದೆ. ಆ ಮಾತನ್ನು ಕ್ಯಾಥೊಲಿಕರು ಬರೀ ಗುರುತು ಅಂತ ತಗೊಳ್ಳೋದಿಲ್ಲ, ನಿಜ ಅಂತಲೇ ತಗೊಳ್ತಾರೆ. ರುಚಿ, ಬಣ್ಣ, ತೂಕ ಎಲ್ಲ ರೊಟ್ಟಿಯದ್ದೇ ಇರುತ್ತೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ ರೊಟ್ಟಿ ಅಂತಲೇ ಬರುತ್ತೆ, ಅದನ್ನು ಚರ್ಚೂ ಅಲ್ಲಗಳೆಯೋದಿಲ್ಲ. ನಂಬಿಕೆ ಇರೋದು ಅಲ್ಲಿ ಕ್ರಿಸ್ತ ಇದ್ದಾನೆ ಅನ್ನೋದರಲ್ಲಿ. ಇದನ್ನು ಸಾಬೀತು ಮಾಡೋಕೆ ಆಗೋದಿಲ್ಲ, ಆದರೆ ನಾವು ಏನನ್ನು ನಂಬ್ತೇವೆ ಅಂತ ಸರಿಯಾಗಿ ಹೇಳೋಕೆ ಆಗುತ್ತೆ. ಹುಡುಗನಿಗೆ ಬೇಕಾಗಿದ್ದೂ ಅಷ್ಟೇ.

'ನೀವು ಮರಿಯಮ್ಮನ್ನ ಪೂಜಾ ಮಾಡ್ತೀರಿ, ಮತ್ತ ಒಬ್ಬನೇ ದೇವರು ಅಂತೀರಿ?' ಆರಾಧನೆ ದೇವರೊಬ್ಬನಿಗೇ. ಮರಿಯಮ್ಮ ಮತ್ತು ಸಂತರಿಗೆ ಗೌರವ. ಅವರನ್ನು 'ನಮಗಾಗಿ ಪ್ರಾರ್ಥಿಸಿ' ಅಂತ ಕೇಳ್ತೇವೆ, ಹಿರಿಯರ ಹತ್ತಿರ 'ನನ್ನ ಪರವಾಗಿ ಒಂದು ಮಾತು ಹೇಳ್ರಿ' ಅಂದಂತೆ. ಮೂರ್ತಿ ಅಂದರೆ ಅವರ ನೆನಪು.

'ಪಾಪನಿವೇದನೆ ಮಾಡಿದ್ದನ್ನ ಫಾದರ್ ನಿಮ್ಮಪ್ಪಗ ಹೇಳಿದ್ರ?' ಹೇಳೋ ಹಾಗಿಲ್ಲ. ಅಪ್ಪನಿಗಲ್ಲ, ಪೊಲೀಸರಿಗಲ್ಲ, ಪೋಪ್ ಅವರಿಗೂ ಅಲ್ಲ. ಬೇಕಂತಲೇ ಬಾಯಿಬಿಟ್ಟ ಗುರುವಿಗೆ ಚರ್ಚಿನ ಅತಿ ಕಠಿಣ ಶಿಕ್ಷೆ ಇದೆ. ಇದು ಗೊತ್ತಾದ ಮೇಲೆ ಹುಡುಗ ಅರ್ಧ ಗಂಟೆ ಸುಮ್ಮನೆ ಕೂತಿದ್ದ.

'ನಿಮ್ಮದು ಪರದೇಶದ ಧರ್ಮ ಹೌದಲ್ಲೋ?' ಈ ಪ್ರಶ್ನೆಗೆ ನಾನೇ ಓದಬೇಕಾಯಿತು. ಯೇಸುವಿನ ಶಿಷ್ಯ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದರು ಅನ್ನೋದು ಅಲ್ಲಿನ ಕ್ರೈಸ್ತರ ಪರಂಪರೆ. ನಮ್ಮ ಕನ್ನಡದ ಕಥೆ ಬೇರೆ ಇದೆ. 17ನೇ ಶತಮಾನದಲ್ಲಿ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಫ್ರಾನ್ಸಿನ ಅಬ್ಬೆ ದ್ಯುಬುವಾ 19ನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸೋಕೆ ದುಡಿದರು. 2022ರ ಮೇ 15ರಂದು ಸಂತ ಪದವಿ ಪಡೆದ ದೇವಸಹಾಯಂ ಪಿಳ್ಳೆ ತಿರುವಾಂಕೂರಿನವರು, ಹೆಂಡತಿ ಇದ್ದ ಸಂಸಾರಿ. 1745ರಲ್ಲಿ ಜ್ಞಾನಸ್ನಾನ ಪಡೆದರು, 1752ರಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಗುರುವೂ ಸನ್ಯಾಸಿಯೂ ಅಲ್ಲದ ಭಾರತೀಯನೊಬ್ಬ ಸಂತನಾಗಿದ್ದು ಅದೇ ಮೊದಲು.

'ನಿಮ್ಮ ಚರ್ಚಿನ್ಯಾಗೂ ಜಾತಿ ಐತೇನು?' ಇದು ಕ್ಲಾಸಿನವರ ಪ್ರಶ್ನೆ ಅಲ್ಲ, ಹುಡುಗನದ್ದೇ. ಇಲ್ಲ ಅಂತ ಹೇಳಿ ದಾಟಿಬಿಡಬಹುದಿತ್ತು. ಆದರೆ ಇದೆ. ಇರಬಾರದು, ಆದರೂ ಇದೆ. 2016ರ ಡಿಸೆಂಬರ್‌ನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣಕ್ಕೆ ನೀತಿಯೊಂದನ್ನು ಹೊರತಂದಾಗ, ಚರ್ಚಿನೊಳಗೆ ದಲಿತ ಕ್ರೈಸ್ತರಿಗೆ ತಾರತಮ್ಯ ಆಗುತ್ತಿದೆ ಅಂತ ತಾವೇ ಒಪ್ಪಿಕೊಂಡರು. ಹುಡುಗ ಕೇಳಿದ, 'ಮತ್ತ ನಾವು ಹೆಂಗ ದೊಡ್ಡ ಮಾತಾಡೋದು?' ನಾನಂದೆ, 'ದೊಡ್ಡ ಮಾತು ಬ್ಯಾಡ. ತಪ್ಪೈತಿ ಅಂತ ಹೇಳು. ನೀ ಹಂಗ ಮಾಡಬ್ಯಾಡ.'

ಅವನ ಮುಖ ನೋಡಿ ನನಗೊಂದು ವಿಷಯ ತಿಳೀತು. ತಪ್ಪನ್ನು ತಪ್ಪು ಅಂತ ಒಪ್ಪಿಕೊಂಡ ಈ ಉತ್ತರವನ್ನೇ ಅವನು ಎಲ್ಲಕ್ಕಿಂತ ಹೆಚ್ಚು ನಂಬಿದ್ದ. ಹದಿನೈದರ ವಯಸ್ಸಿನಲ್ಲಿ ಮಕ್ಕಳು ಉತ್ತರ ಎಷ್ಟು ಚೆನ್ನಾಗಿದೆ ಅಂತ ನೋಡೋದಿಲ್ಲ, ಹೇಳುವವನು ಮುಚ್ಚಿಡ್ತಿದ್ದಾನಾ ಅಂತ ನೋಡ್ತಾರೆ.

ಉಳಿದ ಎಂಟು ಪ್ರಶ್ನೆ ಹಿಡಿದುಕೊಂಡು ಗುರುಗಳ ಹತ್ತಿರ ಹೋದೆವು. ಅವರು ನೋಟ್‌ಬುಕ್ ಪೂರಾ ಓದಿದರು. ನಕ್ಕು, 'ಇದು ಕ್ಲಾಸಿನ್ಯಾಗ ನಾ ಕಲಿಸಬೇಕಾಗಿದ್ದ ಪಾಠ. ನಿನ್ನ ಗೆಳೆಯರು ನನಗ ಸಿಲಬಸ್ ಮಾಡಿಕೊಟ್ಟಾರ' ಅಂದರು. ಎರಡಕ್ಕೆ ಅವರ ಹತ್ತಿರವೂ ಪೂರ್ತಿ ಉತ್ತರ ಇರಲಿಲ್ಲ. ಹಾಗಂತ ಹೇಳಿದರು ಕೂಡ.

ಶರೀಫರ ತಾಲ್ಲೂಕಿನಲ್ಲಿ

ಅಕ್ಕನಿಗೆ ಒಂದು ಭಯ ಇತ್ತು. ಹೀಗೆ ಬೇರೆಯವರ ಪ್ರಶ್ನೆಗೆಲ್ಲ ಬಾಗಿಲು ತೆಗೆದರೆ ಹುಡುಗ ನಮ್ಮ ಕೈಬಿಟ್ಟು ಹೋದರೆ? ತಾಯಿಯ ಭಯ ಸುಳ್ಳಲ್ಲ. ಆದರೆ ಬಾಗಿಲು ಮುಚ್ಚಿಟ್ಟ ನಾನೇ ತಾನೇ ಕೈಬಿಟ್ಟು ಹೋಗಿದ್ದು?

ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಶರೀಫರು 1819ರಿಂದ 1889ರವರೆಗೆ ಬಾಳಿದ್ದು ಇದೇ ತಾಲ್ಲೂಕಿನಲ್ಲಿ. ಕಳಸದ ಗೋವಿಂದ ಭಟ್ಟರಿಗೆ ಶಿಷ್ಯರಾದರೂ ಅವರ ಹೆಸರು ಶರೀಫ ಅಂತಲೇ ಉಳೀತು. ಇನ್ನೊಬ್ಬರ ನಂಬಿಕೆಯನ್ನು ಹತ್ತಿರದಿಂದ ನೋಡಿದರೆ ನಮ್ಮದು ಕರಗಿ ಹೋಗುತ್ತೆ ಅನ್ನೋ ಭಯ ಈ ನೆಲಕ್ಕೆ ಹೊಸದು. ಕ್ಯಾಥೊಲಿಕ್ ಚರ್ಚೂ ಇದನ್ನು ಒಪ್ಪಿಕೊಂಡಿದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಬೇರೆ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ತಾನು ತಿರಸ್ಕರಿಸುವುದಿಲ್ಲ ಅಂತ 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹೇಳಿತು. ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬರೋಕೆ ದಾರಿ ಮಾಡಿದ್ದೂ ಅದೇ ಸಭೆ. ಇವತ್ತು ನಮ್ಮ ಹುಡುಗ ಕನ್ನಡದಲ್ಲಿ ಪ್ರಾರ್ಥನೆ ಮಾಡ್ತಾನೆ ಅಂದರೆ ಅದರಿಂದಲೇ.

ರೊಟ್ಟಿ ಪ್ರಶ್ನೆ ಕೇಳಿದ ಗೆಳೆಯನಿಗೆ ಅವನು ನೋಟ್‌ಬುಕ್ಕಿನ ಉತ್ತರ ಹೇಳಿದನಂತೆ. ಗೆಳೆಯ, 'ಹಂಗಂದ್ರ ನಮ್ಮ ಪ್ರಸಾದದಂಗ?' ಅಂದ. 'ಸ್ವಲ್ಪ ಹಂಗ, ಸ್ವಲ್ಪ ಬ್ಯಾರೆ' ಅಂದನಂತೆ ಇವನು. ಆಮೇಲೆ ಇವನು ತಿರುಗಿ ಕೇಳಿದ, 'ನಿಮ್ಮೊಳಗ ಲಿಂಗ ಅಂಗೈ ಮ್ಯಾಲ ಇಟ್ಕೊಂಡು ಏನ್ ಮಾಡ್ತೀರಿ?' ಆ ಹುಡುಗನಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಅವರಜ್ಜನನ್ನು ಕೇಳಿಕೊಂಡು ಬಂದ. ಒಂದು ಪ್ರಶ್ನೆಯಿಂದ ಇಬ್ಬರೂ ತಮ್ಮ ತಮ್ಮ ಮನೆಯ ಬಾಗಿಲು ಬಡಿದಂತಾಯಿತು.

ಕೈಗೊಂದು ಕೆಲಸ

ಸೆಪ್ಟೆಂಬರ್ 7, 2025, ಭಾನುವಾರ. ನಾನು ಮತ್ತೆ ಊರಿಗೆ ಹೋಗಿದ್ದೆ. ಮರುದಿನ ಮರಿಯಮ್ಮನ ಜನ್ಮದಿನ, ತೆನೆ ಹಬ್ಬ. ಮಧ್ಯಾಹ್ನ ಊಟದ ಹೊತ್ತಿಗೆ ರೋಮ್‌ನಿಂದ ಲೈವ್ ಬರ್ತಿತ್ತು. ಪೋಪ್ ಹದಿನಾಲ್ಕನೇ ಲಿಯೋ ಅವರು ಕಾರ್ಲೊ ಅಕ್ಯುಟಿಸ್ ಅನ್ನೋ ಹುಡುಗನನ್ನು ಸಂತ ಅಂತ ಘೋಷಿಸಿದರು.

ಕಾರ್ಲೊ ಹುಟ್ಟಿದ್ದು ಲಂಡನ್‌ನಲ್ಲಿ, 1991ರ ಮೇ 3ರಂದು. ಬೆಳೆದದ್ದು ಇಟಲಿಯ ಮಿಲಾನ್‌ನಲ್ಲಿ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಹದಿನೈದು. ವೀಡಿಯೊ ಗೇಮ್ ಆಡ್ತಿದ್ದ, ಪುಸ್ತಕ ನೋಡಿಕೊಂಡು ತಾನೇ ಕೋಡಿಂಗ್ ಕಲಿತಿದ್ದ. ಪರಮಪ್ರಸಾದಕ್ಕೆ ಸಂಬಂಧಿಸಿದ ಪವಾಡಗಳು ಅಂತ ಬೇರೆ ಬೇರೆ ದೇಶಗಳಲ್ಲಿ ಹೇಳಲಾಗುವ ಘಟನೆಗಳನ್ನು ಒಟ್ಟುಮಾಡಿ ವೆಬ್‌ಸೈಟ್ ಮಾಡಿದ. ಅಸ್ಸಿಸಿಯಲ್ಲಿ ಅವನ ದೇಹವನ್ನು ಜೀನ್ಸ್ ಪ್ಯಾಂಟು, ಸ್ಪೋರ್ಟ್ಸ್ ಶೂ ಹಾಕಿಯೇ ಇಟ್ಟಿದ್ದಾರೆ. ನನಗೆ ಅವನಿಗಿಂತ ಎರಡು ಮೂರು ವರ್ಷ ಕಡಿಮೆ. ನಾವಿಬ್ಬರೂ ಒಂದೇ ಕಾಲದ ಡಬ್ಬಾ ಕಂಪ್ಯೂಟರ್ ಮುಂದೆ ಕೂತವರು. ಅವನು ಕೋಡ್ ಬರೆದು ನಂಬಿಕೆಗೆ ಕೆಲಸ ಕೊಟ್ಟ, ನಾನು ಶಿಲುಬೆ ತೆಗೆದು ಬಾಕ್ಸಿನಲ್ಲಿ ಇಟ್ಟೆ.

ಸಂತನ ಕಥೆ ಹೇಳಿ 'ನೀನೂ ಹಂಗ ಆಗು' ಅಂದರೆ ಹದಿಹರೆಯದವರು ಆ ಕ್ಷಣವೇ ಫೋನಿಗೆ ತಿರುಗ್ತಾರೆ. ಅಕ್ಕನ ಮಗ ಹೇಳಿದ್ದೂ ಅದೇ: 'ಅಂವಗ ಮಿಲಾನ್‌ದಾಗ ಎಲ್ಲಾ ಇತ್ತು ಮಾಮಾ. ಶಿಗ್ಗಾಂವ್ಯಾಗ ನಾ ಏನ್ ವೆಬ್‌ಸೈಟ್ ಮಾಡ್ಲಿ?' ಸರಿಯಾದ ಪ್ರಶ್ನೆ. ನಾನು ತಿರುಗಿ ಕೇಳಿದೆ, 'ಇಲ್ಲೆ ಏನ್ ಕೆಟ್ಟೈತಿ? ಏನ್ ಸರಿ ಇಲ್ಲ?' ಸ್ವಲ್ಪ ಯೋಚಿಸಿ ಹೇಳಿದ: ಪೂಜೆ ಎಷ್ಟೊತ್ತಿಗೆ ಅಂತ ಯಾರಿಗೂ ಸರಿಯಾಗಿ ಗೊತ್ತಿರೋದಿಲ್ಲ. ವಯಸ್ಸಾದ ಇಬ್ಬರು ಅಜ್ಜಿಯರು ಬಸ್ಸಿಲ್ಲ ಅಂತ ತಿಂಗಳಾನುಗಟ್ಟಲೆ ಬಂದಿಲ್ಲ.

ಸಂಜೆ ಇಬ್ಬರೂ ಕೂತು ಒಂದು ಗೂಗಲ್ ಶೀಟ್ ಮಾಡಿದೆವು. ಯಾವ ವಾರ ಎಲ್ಲಿ ಎಷ್ಟೊತ್ತಿಗೆ ಪೂಜೆ, ಯಾರ ಮನೆಯಲ್ಲಿ ಕಾರು ಅಥವಾ ಟಂಟಂ ಇದೆ, ಯಾರಿಗೆ ಬೇಕು. ಶನಿವಾರ ಸಂಜೆ ಎಲ್ಲ ಮನೆಗೂ ಒಂದು ಮೆಸೇಜ್ ಹೋಗೋ ವ್ಯವಸ್ಥೆ. ನಮ್ಮ ಕೆಲಸದ ಭಾಷೆಯಲ್ಲಿ ಇದು ಅರ್ಧ ದಿನದ ಟಾಸ್ಕ್, ಕೋಡ್ ಅಂತ ಹೇಳೋಕೂ ಏನಿಲ್ಲ. ಆದರೆ ಮೂರನೇ ವಾರ ಒಬ್ಬ ಅಜ್ಜಿ ಕಾರಿನಿಂದ ಇಳಿದು ಅವನ ತಲೆ ಮೇಲೆ ಕೈಯಿಟ್ಟು ಗಳಗಳ ಅತ್ತರಂತೆ. 'ನಾ ಏನೂ ಮಾಡಿಲ್ಲ ಮಾಮಾ, ಬರೇ ಶೀಟ್ ಮಾಡೀನಿ' ಅಂತ ಅವತ್ತು ಫೋನ್ ಮಾಡಿದ. ದನಿ ಬದಲಾಗಿತ್ತು.

ಪ್ರಶ್ನೆಗೆ ಉತ್ತರ ಸಿಕ್ಕರೆ ತಲೆ ಹಗುರ ಆಗುತ್ತೆ. ಆದರೆ 'ಇದು ನಂದು' ಅನ್ನಿಸೋಕೆ ಕೈಗೊಂದು ಕೆಲಸ ಬೇಕು. ವಾಚನ ಓದೋದು, ಕೀಬೋರ್ಡ್ ನುಡಿಸೋದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರೋದು, ಯಾವುದಾದರೂ ಸರಿ. ಅವನು ಮಾಡದಿದ್ದರೆ ನಿಜವಾಗಲೂ ನಿಂತುಹೋಗುವ ಕೆಲಸ ಆಗಿರಬೇಕು. ಸುಮ್ಮನೆ ಸ್ಟೇಜ್ ಹತ್ತಿಸಿ ಚಪ್ಪಾಳೆ ಹೊಡೆಸಿದರೆ ಅವರಿಗೆ ಗೊತ್ತಾಗುತ್ತೆ.

ಭಾನುವಾರ ಎಂಟು ಗಂಟೆ

ನೋಟ್‌ಬುಕ್ಕಿನ ಸುದ್ದಿ ಅಕ್ಕನಿಂದ ಸಂಬಂಧಿಕರಿಗೆ ಹೋಯಿತು. ಸವಣೂರಿನ ಒಬ್ಬ ಹುಡುಗಿ, ಹಿರೇಕೆರೂರಿನ ಅಣ್ಣ ತಂಗಿ, ಹಾನಗಲ್‌ನ ಮೂವರು. ನಮ್ಮವನೂ ಸೇರಿ ಏಳು ಜನ. ಎಲ್ಲರೂ ಅವರವರ ಕ್ಲಾಸಿಗೆ ಒಬ್ಬೊಬ್ಬರೇ. ತಿಂಗಳಲ್ಲಿ ಎರಡು ಭಾನುವಾರ ರಾತ್ರಿ ಎಂಟಕ್ಕೆ ನಲವತ್ತು ನಿಮಿಷ ವೀಡಿಯೊ ಕಾಲ್ ಶುರುವಾಯಿತು. ಮೊದಲ ದಿನ ಸವಣೂರಿನ ಹುಡುಗಿ ಹೇಳಿದ ಮಾತು: 'ನನ್ನಂಗ ಇನ್ನೂ ಯಾರರ ಅದಾರ ಅಂತನ ಗೊತ್ತಿರ್ಲಿಲ್ಲ.'

ಕೆಲವು ನಿಯಮ ಮಾಡಿಕೊಂಡೆವು. ಬೇರೆಯವರೂ ಮಾಡಬಹುದು ಅಂತ ಹೇಳ್ತೇನೆ. ಕಾಲ್‌ನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಅದರಲ್ಲಿ ಒಬ್ಬರು ಹೆಂಗಸು. ತಂದೆ ತಾಯಿಗೆ ಗೊತ್ತಿಲ್ಲದೆ ಯಾವ ಮಗುವಿಗೂ ಬೇರೆಯಾಗಿ ಮೆಸೇಜ್ ಮಾಡೋ ಹಾಗಿಲ್ಲ. ಯಾವ ಪ್ರಶ್ನೆಗೂ 'ಕೇಳಬಾರದು' ಅನ್ನೋ ಹಾಗಿಲ್ಲ. ಬೇರೆ ಧರ್ಮದವರನ್ನು ಹೀಯಾಳಿಸೋ ಹಾಗಿಲ್ಲ. ಪರೀಕ್ಷೆ ಹತ್ತಿರ ಬಂದರೆ ಕಾಲ್ ಬಂದ್. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ತಪಸ್ಸುಕಾಲವೂ ಒಟ್ಟೊಟ್ಟಿಗೇ ಬರ್ತವೆ. ಗಣಿತ ಬಿಟ್ಟು ಪ್ರಾರ್ಥನೆಗೆ ಕೂರು ಅಂದರೆ ದೇವರೂ ಮೆಚ್ಚೋದಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳೋದಿಲ್ಲ. ಏಳರಲ್ಲಿ ಇಬ್ಬರು ಈಗ ಬರೋದಿಲ್ಲ. ಒಬ್ಬ ಹುಡುಗ 'ನಂಗ ಇದರಾಗ ಆಸಕ್ತಿ ಇಲ್ಲರೀ' ಅಂತ ನೇರವಾಗಿ ಹೇಳಿದ. ಹೇಳೋ ಧೈರ್ಯಕ್ಕೆ ಥ್ಯಾಂಕ್ಸ್ ಅಂದೆವು, ಬಾಗಿಲು ತೆಗೆದೇ ಇದೆ ಅಂತಲೂ ಅಂದೆವು. ನೆಟ್‌ವರ್ಕ್ ಹೋಗುತ್ತೆ. ನನಗೆ ರಿಲೀಸ್ ಇದ್ದ ವಾರ ನಾನೇ ತಪ್ಪಿಸಿಕೊಂಡಿದ್ದೇನೆ.

ಇದನ್ನೆಲ್ಲ ಬರೆಯೋಕೆ ಒಂದೇ ಕಾರಣ. ಇದನ್ನು ಮೊಬೈಲಿನಲ್ಲಿ ಓದ್ತಿರೋ ನಿಮ್ಮಲ್ಲಿ ಬಹಳ ಜನ ಇಂಥ ಊರುಗಳಿಂದ ಬಂದು ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕೆಲಸ ಮಾಡ್ತಿರೋರು. ಯಾರದೋ ಮಾಮಾ, ಚಿಕ್ಕಮ್ಮ, ಅಣ್ಣ, ಅಕ್ಕ. ಹದಿನೈದರ ಮಕ್ಕಳು ಕೆಲವು ಮಾತನ್ನು ಅಪ್ಪ ಅಮ್ಮನ ಹತ್ತಿರ ಕೇಳೋದಿಲ್ಲ, ಗುರುಗಳ ಹತ್ತಿರ ಕೇಳೋಕೆ ಹೆದರ್ತಾರೆ. ರಾತ್ರಿ ಹನ್ನೊಂದಕ್ಕೆ ನಮಗೆ ಮೆಸೇಜ್ ಮಾಡ್ತಾರೆ. ನೀವು ಕ್ಯಾಥೊಲಿಕರೇ ಆಗಬೇಕಿಲ್ಲ, ಯಾವ ಮನೆಯಲ್ಲೂ ಇದೇ ಕಥೆ. ಆ ಮೆಸೇಜಿಗೆ ಒಂದು ಇಮೋಜಿ ಹಾಕಿ ಮಲಗಬೇಡಿ. ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಇಬ್ಬರೂ ಕೂಡಿ ಹುಡುಕೋಣ' ಅನ್ನಿ.

ಅಕ್ಕನ ಮಗನ ಪರೀಕ್ಷೆ ಮುಗೀತು. ಹೋದ ವಾರ ಮೆಸೇಜ್ ಬಂತು.

'ಮಾಮಾ, ದೃಢೀಕರಣಕ್ಕ ಹೆಸರು ಕೊಟ್ಟೀನಿ. ಇನ್ನೂ ಮೂರು ಪ್ರಶ್ನೆ ಉಳದಾವ, ಫಾದರ್ ನಡೀತದ ಅಂದ್ರು. ಸಾಕ್ಷಿಗೆ ಜ್ಞಾನತಂದೀನ ನಿಂತ್ರ ಛಲೋ ಅಂತ. ನೀ ಬರ್ತಿ?'

ಬರ್ತೀನಿ ಅಂತ ಟೈಪ್ ಮಾಡುವಷ್ಟರಲ್ಲಿ ಇನ್ನೊಂದು ಬಂತು.

'ಆದ್ರ ಒಂದ್ ಕೇಳ್ತೀನಿ, ಖರೇ ಹೇಳು. ಬೆಂಗಳೂರಾಗ ಭಾನುವಾರ ಪೂಜಾಕ್ಕ ನೀ ಹೋಗ್ತೀಯೇನು?'

ನೋಟ್‌ಬುಕ್ಕಿನಲ್ಲಿ ಇಲ್ಲದ ಪ್ರಶ್ನೆ ಅದು. ಜಾರಿಕೊಳ್ಳಲಿಲ್ಲ. 'ಮೊದಲು ಹೋಗ್ತಿರ್ಲಿಲ್ಲ. ಈಗ ಹೋಗಾಕತ್ತೀನಿ, ಒಂದೊಂದು ವಾರ ತಪ್ಪತೈತಿ' ಅಂತ ಬರೆದೆ.

ಅವನು ಹೆಬ್ಬೆರಳು ಎತ್ತಿದ ಇಮೋಜಿ ಕಳಿಸಿದ. ಅದರ ಕೆಳಗೆ ಬರೆದ, 'ಶೀಟ್‌ನ್ಯಾಗ ನಿನ್ನ ಹೆಸರೂ ಹಾಕಿರ್ತೀನಿ. ಶನಿವಾರ ಮೆಸೇಜ್ ಬರ್ತದ.'